ಮರಳಕ್ಕನ ನಾಲ್ಕು ಕಿಲೋಮೀಟರ್

ಸಮುದ್ರಕ್ಕೂ ಹಿನ್ನೀರಿಗೂ ನಡುವೆ ಸಿಕ್ಕಿಕೊಂಡ ಆ ಹೆದ್ದಾರಿ, ಕೊನೆಯ ನಾಲ್ಕು ಕಿಲೋಮೀಟರಿನಲ್ಲಿ ನೆಲದ ಮೇಲಿದೆ ಅನ್ನಿಸುವುದೇ ಇಲ್ಲ. ಬೆಳಿಗ್ಗೆ ಮಂಜಿನಲ್ಲಿ ತೇಲುತ್ತದೆ. ಮಧ್ಯಾಹ್ನದ ಬಿಸಿಲಿಗೆ ನೀರಿನಂತೆ ಹೊಳೆಯುತ್ತದೆ. ಆಗ ದೂರದಿಂದ ಬರುವ ಬಸ್ಸು ಒಮ್ಮೆಲೇ ಕಾಣುವುದಿಲ್ಲ, ಮೊದಲು ಛಾವಣಿ, ಆಮೇಲೆ ಕಿಟಕಿಗಳು, ಕೊನೆಗೆ ಚಕ್ರ ಎಂದು ತುಂಡುತುಂಡಾಗಿ ಹುಟ್ಟಿಕೊಳ್ಳುತ್ತದೆ. ಹದಿನೇಳನೆಯ ಕಲ್ಲಿನಿಂದ ಇಪ್ಪತ್ತೊಂದನೆಯ ಕಲ್ಲಿನವರೆಗಿನ ಈ ರಸ್ತೆ ಮರಳಕ್ಕನದು. ಸಮುದ್ರದ ಗಾಳಿ ತಂದು ಸುರಿಯುವ ಮರಳನ್ನು ಗುಡಿಸಿ ರಸ್ತೆಯನ್ನು ರಸ್ತೆಯಾಗಿಯೇ ಉಳಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಉಳಿಸಿಕೊಂಡು ಬಂದಿದ್ದಾಳೆ.

ಕೆಲಸಕ್ಕೆ ಅವಳದೇ ಅಳತೆ ಇತ್ತು. ಬಗ್ಗಿ ಗುಡಿಸಲು ಶುರುಮಾಡಿದ ಮೇಲೆ, ನೆಟ್ಟಗೆ ನಿಂತು ಸೊಂಟ ಹಿಡಿದುಕೊಳ್ಳುವವರೆಗಿನ ದೂರ ಒಂದು ಉಸಿರು. ಒಂದು ಉಸಿರೆಂದರೆ ಅವಳ ಮೂವತ್ತೆರಡು ಹೆಜ್ಜೆ, ಟೇಪು ಹಿಡಿದರೆ ಇಪ್ಪತ್ತನಾಲ್ಕು ಮೀಟರ್. ಹೊಸದಾಗಿ ಸೇರಿದಾಗಲೂ ಅಷ್ಟೇ ಇತ್ತು, ಐವತ್ತು ದಾಟಿದ ಮೇಲೂ ಅಷ್ಟೇ. ಒಂದು ದಿನ ಎರಡು ಕಿಲೋಮೀಟರ್, ಮರುದಿನ ಉಳಿದೆರಡು; ದಿನಕ್ಕೆ ಎಂಬತ್ತಮೂರು ಉಸಿರು. ಯಾರಾದರೂ ಮನೆ ಎಲ್ಲಿ ಎಂದು ಕೇಳಿದರೆ, "ಹತ್ತೊಂಬತ್ತನೇ ಕಲ್ಲಿಂದ ಮೂರು ಉಸಿರು" ಎಂದು ಹೇಳಿ ಎದುರಿನವರನ್ನು ಗಲಿಬಿಲಿಗೊಳಿಸುತ್ತಿದ್ದಳು.

ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ರಸ್ತೆಗೆ ಮುಖಮಾಡಿದ ಒಂದು ಕಿಟಕಿ. ಕಿಟಕಿ ಅತ್ತೆಯ ಸ್ವತ್ತು. ಮೊಣಕಾಲು ಹಿಡಿದುಕೊಂಡ ಮೇಲೆ ಮುದುಕಿ ಅಲ್ಲೇ ಕುರ್ಚಿ ಹಾಕಿಕೊಂಡು ಕೂತವಳು, ಹಾದುಹೋಗುವವರಿಗೆಲ್ಲ ಸೊಸೆಯ ವಿಷಯ ತಿಳಿಸುತ್ತಿದ್ದಳು. "ಕನ್ನಡಿ ಹಾಗಿದೆ ನೋಡಿ ರಸ್ತೆ, ಮುಖ ನೋಡ್ಕೋಬಹುದು. ನಮ್ಮ ಮನೆ ಒಳಗೆ ಮಾತ್ರ ಬರ್ಬೇಡಿ, ಕಾಲು ಹೂತುಹೋಗುತ್ತೆ."

"ಮನೆ ಗುಡಿಸೋಕೆ ಇಲಾಖೆಯಿಂದ ಆರ್ಡರ್ ಬಂದಿಲ್ಲ ಅತ್ತೆ," ಎಂದು ಮರಳಕ್ಕ ಒಳಗಿನಿಂದಲೇ ಹೇಳುತ್ತಿದ್ದಳು.

ಆ ರಸ್ತೆಗೆ ಇದ್ದದ್ದು ಒಂದೇ ಬಸ್ಸು. ಅದನ್ನು ಓಡಿಸುತ್ತಿದ್ದವನು ಅವಳ ಗಂಡ. ದಿನಕ್ಕೆ ನಾಲ್ಕು ಸಲ ಹೋಗಿ ನಾಲ್ಕು ಸಲ ಬರುವಾಗ, ಎಂಟು ಸಲವೂ ಅವಳ ಪಕ್ಕದಲ್ಲಿ ನಿಧಾನ ಮಾಡಿ, ಕಿಟಕಿಯಿಂದ ತಲೆ ಹೊರಹಾಕಿ ಒಂದು ಮಾತು ಎಸೆದು ಹೋಗುತ್ತಿದ್ದ. ಮನೆಯಲ್ಲಿ ಅವನು ಹೆಚ್ಚು ಮಾತಾಡುವವನಲ್ಲ. ದಿನದ ಮಾತೆಲ್ಲ ಆ ಎಂಟು ಕಂತಿನಲ್ಲೇ ಮುಗಿದಿರುತ್ತಿತ್ತು.

ಮರಳನ್ನು ಅವಳು ಯಾವಾಗಲೂ ಹಿನ್ನೀರಿನ ಕಡೆಗೇ ತಳ್ಳುತ್ತಿದ್ದಳು. ಸಮುದ್ರದ ಕಡೆಗೆ ತಳ್ಳಿದರೆ ಗಾಳಿ ಅದನ್ನೇ ಎತ್ತಿ ಮುಖಕ್ಕೆ ತಂದು ಹಾಕುತ್ತದೆ. ಮೊದಲ ವಾರದಲ್ಲೇ ಕಲಿತ ಪಾಠ ಅದು. ಹಾಗೆ ತಳ್ಳಿದ್ದು ಮೊದಲು ಹಿಮ್ಮಡಿ ಎತ್ತರ ಬಂತು, ಕೆಲವು ವರ್ಷಕ್ಕೆ ಮೊಣಕಾಲಿಗೆ ಬಂತು, ಬಳ್ಳಿ ಹಬ್ಬಿ ಬೇರು ಬಿಟ್ಟ ಮೇಲೆ ಗಟ್ಟಿಯಾಗಿ ಅವಳ ಸೊಂಟದವರೆಗೆ ಬೆಳೆದು ನಿಂತಿತು. ನಾಲ್ಕು ಕಿಲೋಮೀಟರ್ ಉದ್ದಕ್ಕೂ ನೂಲು ಹಿಡಿದಂತೆ ಒಂದು ದಿಬ್ಬ. ಬುಟ್ಟಿಯಿಲ್ಲ, ಗಾಡಿಯಿಲ್ಲ, ಬರೀ ಪೊರಕೆಯಿಂದ ಕಟ್ಟಿದ್ದು. ಮಧ್ಯಾಹ್ನ ಅದರ ಮರೆಯಲ್ಲಿ ಕೂತು ಊಟ ಮಾಡಿ, ಹತ್ತು ನಿಮಿಷ ಕಣ್ಣು ಮುಚ್ಚುತ್ತಿದ್ದಳು.

ಈಚಿನ ಐದಾರು ವರ್ಷದಲ್ಲಿ ಕೈ ಪಳಗಿದೆ ಅಂತ ಅವಳಿಗೇ ಅನ್ನಿಸಿತ್ತು. ಮೊದಲೆಲ್ಲ ನಾಲ್ಕು ಗಂಟೆಯವರೆಗೆ ಎಳೆಯುತ್ತಿದ್ದ ಕೆಲಸ ಈಗ ಒಂದು ಗಂಟೆಗೇ ಮುಗಿಯುತ್ತಿತ್ತು. ರಸ್ತೆ ಮೇಸ್ತ್ರಿ ಬೇರೆ ಗುಡಿಸುವವರನ್ನು ಕರೆತಂದು ತೋರಿಸುತ್ತಿದ್ದ. "ನೋಡಿ, ಇದೂ ಅದೇ ಸಮುದ್ರ, ಅದೇ ಗಾಳಿ. ಪೊರಕೆ ಹಿಡಿಯೋ ಕೈ ಬೇರೆ, ಅಷ್ಟೇ."

ಇಪ್ಪತ್ತೊಂದನೆಯ ಕಲ್ಲಿನ ಹತ್ತಿರ ರಸ್ತೆ ಸಮುದ್ರಕ್ಕೆ ಬೆನ್ನು ತಿರುಗಿಸಿ ಒಂದು ತಗ್ಗಾದ ಗುಡ್ಡದ ಬುಡದಲ್ಲಿ ಮುಗಿಯುತ್ತದೆ. ಗುಡ್ಡದೊಳಗೆ ಒಂದು ಊರು ಇದೆ. ಯಾವ ಕಾಲದ್ದೋ ಸಣ್ಣ ಬಂದರು. ಮರಳು ನುಂಗಿದ ಮೇಲೆ ಯಾರೂ ತಿರುಗಿ ನೋಡಿರಲಿಲ್ಲ. ನಾಲ್ಕು ವರ್ಷದಿಂದ ಅದನ್ನು ಬಿಡಿಸುತ್ತಿದ್ದವರು, ಎಲ್ಲರೂ ಅಗೆಯೋ ಮೇಡಂ ಎನ್ನುತ್ತಿದ್ದ ಪುರಾತತ್ವಜ್ಞೆ. ಕಿವಿಯ ಹಿಂದೆ ಪೆನ್ಸಿಲು, ಕೈಯಲ್ಲಿ ಸಣ್ಣ ಬ್ರಷ್ಷು. ಅವರದೂ ಗುಡಿಸುವ ಕೆಲಸವೇ ಎಂದು ಗೊತ್ತಾದ ದಿನ ಮರಳಕ್ಕನಿಗೆ ಅವರ ಮೇಲೆ ಸಲುಗೆ ಹುಟ್ಟಿತು. "ನಿಮ್ಮ ಪೊರಕೆ ಚಿಕ್ಕದಾಯ್ತು ಮೇಡಂ. ಇಷ್ಟರಲ್ಲಿ ಗುಡಿಸಿದ್ರೆ ಊರು ಮುಗಿಯೋದು ಯಾವಾಗ?"

"ಮುಗಿಯಲ್ಲ ಅಕ್ಕ. ಅದೇ ನನ್ನ ಧೈರ್ಯ."

ಒಂದು ದಿನ ಮೇಡಂ ತಾವೇ ರಸ್ತೆಯವರೆಗೆ ನಡೆದು ಬಂದರು. "ಬನ್ನಿ. ಇದನ್ನ ಬೇರೆ ಯಾರಿಗೆ ತೋರಿಸಿದ್ರೂ ಪ್ರಯೋಜನ ಇಲ್ಲ."

ಗುಡ್ಡದಲ್ಲಿ ಮೇಡಂ ಅಗೆಸಿದ್ದ ಹೊಂಡದಲ್ಲಿ ಒಂದು ಹಳೆಯ ಬೀದಿ ಇತ್ತು. ಬೀದಿಯ ಒಂದು ಬದಿಗೆ ಕಲ್ಲಿನ ಗೋಡೆ. ಗೋಡೆಗೆ ಒರಗಿಕೊಂಡು ಮರಳಿನ ಪದರಗಳು, ಹಳೆ ಪುಸ್ತಕದ ಅಂಚಿನ ಹಾಗೆ ಒಂದರ ಮೇಲೊಂದು. ಗಾಳಿ ತಂದ ಮರಳು ಒಂದೇ ತೂಕದ ಕಾಳಾಗಿ ನುಣ್ಣಗೆ ಕೂರುತ್ತದೆ. ಇಲ್ಲಿ ಮೀನಿನ ಮುಳ್ಳು, ಬೂದಿ, ಮಡಕೆಯ ಚೂರು, ದಪ್ಪ ಮರಳು, ಸಣ್ಣ ಮರಳು ಎಲ್ಲ ಕಲಸಿಕೊಂಡಿದ್ದವು. ಎರಡು ಪದರಗಳ ನಡುವೆ ಒಂದೊಂದು ಕಪ್ಪು ಗೆರೆ, ಆ ವರ್ಷದ ಮಳೆಯ ಕೊಳೆ.

"ಬೀದಿ ಗುಡಿಸಿ ಗೋಡೆಗೆ ಒತ್ತಿದ್ದಾರೆ," ಎಂದರು ಮೇಡಂ. "ವರ್ಷಕ್ಕೊಂದು ಪದರ. ಎಂಬತ್ತೊಂದು ಎಣಿಸಿದೀನಿ."

ಮರಳಕ್ಕ ಕುಕ್ಕರಗಾಲಲ್ಲಿ ಕೂತು ತುಂಬ ಹೊತ್ತು ನೋಡಿದಳು. ಆಮೇಲೆ ಮುಟ್ಟದೆ ಬೆರಳು ತೋರಿಸಿದಳು. "ಇಲ್ಲಿವರೆಗೆ ಒಬ್ಬಳು. ಇಲ್ಲಿಂದ ಬೇರೆಯವಳು ಬಂದಿದ್ದಾಳೆ. ಮೊದಲಿನವಳು ಗೋಡೆ ಮುಟ್ಟೋ ತನಕ ತಳ್ಳಿದ್ದಾಳೆ. ಇವಳು ಒಂದು ಮೊಳ ಮುಂಚೇನೇ ಬಿಟ್ಟುಬಿಟ್ಟಿದ್ದಾಳೆ."

"ಸೋಮಾರಿನಾ?"

"ಸೊಂಟ ನೋವು ಇರ್ಬೇಕು."

ಮೇಡಂ ನಗಲಿಲ್ಲ. ಕಿವಿಯ ಹಿಂದಿನ ಪೆನ್ಸಿಲು ತೆಗೆದು ಅದನ್ನು ಹಾಗೇ ಬರೆದುಕೊಂಡರು.

ಅಂದಿನಿಂದ ಮಧ್ಯಾಹ್ನದ ಆ ಹತ್ತು ನಿಮಿಷದಲ್ಲಿ ಮರಳಕ್ಕನಿಗೆ ಒಂದೇ ಕನಸು. ರಸ್ತೆ ಹಾಗೇ ಗುಡ್ಡದೊಳಗೆ ನುಗ್ಗಿ ಬೀದಿಯಾಗಿ ಮುಂದುವರಿಯುತ್ತದೆ. ಆ ತುದಿಯಿಂದ ಒಬ್ಬಳು ಗುಡಿಸಿಕೊಂಡು ಬರುತ್ತಿದ್ದಾಳೆ, ಬೆನ್ನು ಮಾತ್ರ ಕಾಣುತ್ತದೆ. ಈ ತುದಿಯಿಂದ ಇವಳು. ಪೊರಕೆಯ ಸದ್ದು ಎರಡೂ ಕಡೆ ಒಂದೇ. ಅವಳು ನೆಟ್ಟಗಾಗಿ ಸೊಂಟ ಹಿಡಿದುಕೊಳ್ಳುವಾಗ ಇವಳೂ ನಿಲ್ಲುತ್ತಾಳೆ. ಅವಳು ತಿರುಗಬೇಕು ಅನ್ನುವಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸುತ್ತದೆ.

ಆ ವರ್ಷ ಗಾಳಿಗಾಲ ಶುರುವಾಗಿ ತಿಂಗಳಾಗಿತ್ತು. ಒಂದು ಸಂಜೆ ಹೊಂಡದ ದಡದಲ್ಲಿ ಮೇಡಂ ತಲೆಗೆ ಕೈಹಚ್ಚಿ ಕೂತಿದ್ದರು. ಗೋಡೆಗೆ ಒರಗಿದ ಪದರಗಳು ಸವೆಯುತ್ತಿದ್ದವು. ಮಧ್ಯಾಹ್ನ ಮೂರಕ್ಕೆ ಏಳುವ ಗಾಳಿ ಉಪ್ಪು ಕಾಗದದ ಹಾಗೆ ಅವುಗಳನ್ನು ಉಜ್ಜಿಕೊಂಡು ಹೋಗುತ್ತಿತ್ತು. ಹೊದಿಕೆ ಹಾಕಿದರೆ ಅದೇ ಪಟಪಟ ಬಡಿದು ಇನ್ನಷ್ಟು ಉದುರಿಸಿತು. ಮೇಡಂ ಕೆಳಗಿನಿಂದ ಒಂದೊಂದೇ ಪದರದ ಚಿತ್ರ ಬರೆದು, ಅದರಿಂದ ಒಂದು ಚಮಚ ಮರಳು ತೆಗೆದು ಲಕೋಟೆಗೆ ಹಾಕುತ್ತ ಬಂದಿದ್ದರು. ನಲವತ್ತನಾಲ್ಕು ಆಗಿತ್ತು, ಮೂವತ್ತೇಳು ಬಾಕಿ. ದಿನಕ್ಕೆ ಎರಡರ ಲೆಕ್ಕದಲ್ಲಿ ಹತ್ತೊಂಬತ್ತು ದಿನ ಬೇಕಿತ್ತು.

"ಉಳಿದಿರೋದು ಒಂದೂವರೆ ಗೇಣು ದಪ್ಪ. ಐದು ದಿನಕ್ಕೆ ಒಂದು ಗೇಣು ಹೋಗ್ತಿದೆ. ನೀವೇ ಭಾಗಾಕಾರ ಮಾಡಿ," ಎಂದರು.

ಮರಳಕ್ಕ ಭಾಗಾಕಾರ ಮಾಡಿದಳು. ಏಳೂವರೆ ದಿನ. ಹೊಂಡದ ಮೂಲೆಯಲ್ಲಿ ಗಾಳಿ ತಂದು ಸುರಿದ ಮರಳು ಗುಪ್ಪೆಯಾಗಿ ಬಿದ್ದಿತ್ತು. ಅಭ್ಯಾಸದಂತೆ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಹರಡಿ ಊದಿದಳು. ಹಗುರದ್ದು ಹಾರಿಹೋಗಿ ಭಾರದ್ದು ಉಳಿಯಿತು. ಅದರಲ್ಲಿ ಡಾಂಬರಿನ ಕಪ್ಪು ಕಾಳು ಇತ್ತು. ರಸ್ತೆಯ ನಡುಗೆರೆಯ ಹಳದಿ ಬಣ್ಣದ ಹೊಪ್ಪಳಿಕೆ ಇತ್ತು. ಅಂಗುಲದಷ್ಟು ಉದ್ದದ ಪೊರಕೆ ಕಡ್ಡಿಯ ಎಳೆ ಒಂದಿತ್ತು.

"ಮೇಡಂ, ಇದು ಸಮುದ್ರದಿಂದ ಬಂದಿದ್ದಲ್ಲ," ಎಂದಳು. "ಇದು ನನ್ನ ರಸ್ತೇದು."

ನೇರ ಮನೆಗೆ ಬಂದಳು. ಹಳೆಯ ಕೆಂಪು ಹೊದಿಕೆಯೊಂದನ್ನು ಎಳೆದು ಪಟ್ಟಿಪಟ್ಟಿಯಾಗಿ ಹರಿಯತೊಡಗಿದಳು.

"ಅದು ನಂದು," ಎಂದಳು ಅತ್ತೆ.

"ಗೊತ್ತು."

"ಸರಿ ಹಾಗಾದ್ರೆ. ನೀನು ನೋಡದೆ ಹರೀತಿದ್ದೀಯೇನೋ ಅಂದ್ಕೊಂಡೆ." ಸ್ವಲ್ಪ ಹೊತ್ತಾದ ಮೇಲೆ ಮುದುಕಿ ಕೈ ಚಾಚಿ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಸೇರಿ ಅರವತ್ತು ಪಟ್ಟಿ ಮಾಡಿದರು.

ಮರುದಿನ ಬೆಳಿಗ್ಗೆ ಕೊನೆಯ ಒಂದು ಕಿಲೋಮೀಟರಿನಲ್ಲಿ ಅವುಗಳನ್ನು ಕಡ್ಡಿಗೆ ಕಟ್ಟಿ ನೆಟ್ಟಳು. ಮೂವತ್ತು ಸಮುದ್ರದ ಬದಿಗೆ, ಮೂವತ್ತು ದಿಬ್ಬದ ಬುಡಕ್ಕೆ. ಗಂಡ ಬಸ್ಸು ನಿಧಾನ ಮಾಡಿದ. "ನಮ್ಮ ಮದುವೆಗೂ ಇಷ್ಟು ಬಟ್ಟೆ ಕಟ್ಟಿರ್ಲಿಲ್ಲ."

"ಅವತ್ತು ಗಾಳಿ ಯಾವ ಕಡೆ ಬೀಸುತ್ತೆ ಅಂತ ನೋಡ್ಬೇಕಿತ್ತು," ಎಂದಳು.

ಮೂರು ಗಂಟೆಗೆ ಗಾಳಿ ಎದ್ದಿತು. ಸಮುದ್ರದ ಬದಿಯ ಮೂವತ್ತು ಪಟ್ಟಿಗಳೂ ರಸ್ತೆಗೆ ಅಡ್ಡವಾಗಿ ಹಿನ್ನೀರಿನ ಕಡೆ ಕೈ ತೋರಿಸಿದವು. ದಿಬ್ಬದ ಬುಡದ ಮೂವತ್ತು ಪಟ್ಟಿಗಳು ಹಾಗೆ ತೋರಿಸಲಿಲ್ಲ. ಒಂದೂ ಬಿಡದೆ ಮಗ್ಗುಲಾಗಿ, ದಿಬ್ಬದ ಉದ್ದಕ್ಕೂ, ಗುಡ್ಡದ ಕಡೆ ಹಾರುತ್ತಿದ್ದವು. ಮುಂದೆಮುಂದೆ ಹೋದಷ್ಟೂ ಬಿರುಸು ಹೆಚ್ಚು. ಇಪ್ಪತ್ತೊಂದನೆಯ ಕಲ್ಲಿನ ಪಕ್ಕದ ಕೊನೆಯ ಪಟ್ಟಿ ಹಲಗೆಯ ಹಾಗೆ ಸೆಟೆದು ನಿಂತು ಚಟಚಟ ಅನ್ನುತ್ತಿತ್ತು. ಅದರ ನೇರಕ್ಕೆ ನೋಡಿದರೆ ಮೇಡಂ ಅವರ ಹೊಂಡ.

ಮರಳಕ್ಕ ರಸ್ತೆಯ ನಡುವೆ ನಿಂತೇ ಇದ್ದಳು. ಕಾಲ ಬಳಿ ಮರಳು ಹಾವಿನ ಹಾಗೆ ಸರಸರನೆ ಗುಡ್ಡದ ಕಡೆ ಹರಿದು ಹೋಗುತ್ತಿತ್ತು. ಅಡ್ಡ ಬಂದ ಗಾಳಿ ಅವಳ ದಿಬ್ಬಕ್ಕೆ ಬಡಿದು, ದಾಟಲಾರದೆ, ಅದರ ಗುಂಟ ಓಡಿ, ರಸ್ತೆಯನ್ನೆಲ್ಲ ಬಾಚಿಕೊಂಡು ಹೋಗಿ ಆ ಗೋಡೆಗೆ ಉಜ್ಜುತ್ತಿತ್ತು. ಐದಾರು ವರ್ಷದಿಂದ ಅವಳ ಅರ್ಧ ಕೆಲಸವನ್ನು ಗಾಳಿಯೇ ಮಾಡುತ್ತಿತ್ತು. ಪಳಗಿದ್ದು ಕೈ ಅಲ್ಲ. ಬಗ್ಗಿದಾಗ ಹಾರ್ನ್ ಕೇಳಿದವಳಂತೆ ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ರಸ್ತೆಯಲ್ಲಿ ಯಾವ ಬಸ್ಸೂ ಇರಲಿಲ್ಲ.

ಮೇಸ್ತ್ರಿಗೆ ಹೇಳದೆ ಮಾಡುವುದು ಅವಳಿಗೆ ಸರಿಬರಲಿಲ್ಲ. ಸಂಜೆ ಅವನ ಶೆಡ್ಡಿಗೆ ಹೋಗಿ, ಡಾಂಬರಿನ ಡಬ್ಬಿಗಳ ನಡುವೆ ನಿಂತು ಎಲ್ಲ ಹೇಳಿದಳು. ಕೊನೆಯ ಕಿಲೋಮೀಟರಿನಲ್ಲಿ ದಿಬ್ಬಕ್ಕೆ ಕಂಡಿ ಬಿಡಿಸಬೇಕು, ಗಾಳಿ ಅಡ್ಡಡ್ಡ ದಾಟಿ ಹಿನ್ನೀರಿಗೆ ಹೋಗಬೇಕು.

ಮೇಸ್ತ್ರಿ ಕೇಳಿಸಿಕೊಂಡ. ಕೆಟ್ಟವನಲ್ಲ. "ಆಮೇಲೆ ರಸ್ತೆ ಮೇಲೆ ಮರಳು?"

"ಕೂರುತ್ತೆ. ಮೊದಲಿನ ಹಾಗೆ."

"ಇನ್ನು ಒಂಬತ್ತು ದಿನಕ್ಕೆ ದೊಡ್ಡ ಇಂಜಿನಿಯರ್ ಬರ್ತಿದ್ದಾರೆ. ನನ್ನ ಅರವತ್ತು ಕಿಲೋಮೀಟರಲ್ಲಿ ಅವರಿಗೆ ತೋರಿಸೋ ಹಾಗಿರೋದು ನಿನ್ನ ನಾಲ್ಕೇ. ಅವರು ಹೋದ ಮೇಲೆ ಕಂಡಿ ಬಿಡ್ಸು, ಬಾವಿ ಬೇಕಾದ್ರೂ ತೋಡ್ಸು."

"ಗೋಡೆಗೆ ಅಷ್ಟು ದಿನ ಇಲ್ಲ."

"ಅಲ್ಲ, ಅಲ್ಲಿರೋದಾದ್ರೂ ಏನು? ಯಾವಳೋ ಗುಡಿಸಿ ಬಿಟ್ಟ ಕಸ."

"ಹೌದು," ಎಂದಳು ಮರಳಕ್ಕ. "ಅದೇ."

ಮೇಸ್ತ್ರಿ ಅವಳ ಮುಖ ನೋಡಿ ದನಿ ಬದಲಿಸಿದ. "ದಿಬ್ಬ ಇಲಾಖೇದು ಕಣಮ್ಮ."

"ಇಲಾಖೆ ಅದಕ್ಕೆ ಒಂದು ಹಿಡಿ ಮರಳೂ ಹಾಕಿಲ್ಲ ಮೇಸ್ತ್ರಿ. ಇಟ್ಟಿದ್ದು ನಾನು, ತೆಗೆಯೋದೂ ನಾನೇ."

"ನಾನು ಬೇಡ ಅಂದಿದ್ದೆ ಅನ್ನೋದು ನೆನಪಿರ್ಲಿ."

"ಇರುತ್ತೆ. ಕೇಳಿದವರಿಗೂ ಹೇಳ್ತೀನಿ."

ಮರುದಿನ ಪೊರಕೆಯ ಬದಲು ಸಲಿಕೆ ಹಿಡಿದು ಹೊರಟಳು. ಎಲ್ಲೆಲ್ಲಿ ಕಂಡಿ ಬಿಡಿಸಬೇಕು ಎಂದು ಯೋಚಿಸಲೇ ಇಲ್ಲ. ಗುಡಿಸುವವಳ ಹಾಗೆ ನಡೆದು, ಸೊಂಟ ನೆಟ್ಟಗೆ ಮಾಡುವ ಜಾಗ ಬಂದಾಗ ನಿಂತು ಅಗೆದಳು. ಒಂದು ಉಸಿರಿಗೆ ಒಂದು ಕಂಡಿ, ಎರಡು ತೋಳಿನಗಲ. ಮೇಲಿನ ಬಳ್ಳಿಬೇರು ಕತ್ತರಿಸುವುದೇ ಕಷ್ಟ. ಆಮೇಲೆ ಮರಳು ತಾನಾಗಿ ಜಾರುತ್ತಿತ್ತು. ಒಳಗೆ ಹೋದಂತೆ ಪದರಗಳು ಕಂಡವು. ಒಂದೊಂದಕ್ಕೂ ನಡುವೆ ಕಪ್ಪು ಗೆರೆ. ಎಣಿಸಿದಳು. ಇಪ್ಪತ್ತೆರಡು. ಕೆಳಗಿನಿಂದ ಒಂಬತ್ತನೆಯದು ಬೇರೆಯವಕ್ಕಿಂತ ತೆಳು. ಅವಳ ತಾಯಿ ಹಾಸಿಗೆ ಹಿಡಿದ ವರ್ಷ ಅದು, ಎರಡು ತಿಂಗಳು ಕೆಲಸಕ್ಕೆ ಬಂದಿರಲಿಲ್ಲ. ಸಲಿಕೆ ಊರಿ ಅದರ ಮೇಲೆ ಒಂದು ಕ್ಷಣ ಬೆರಳಿಟ್ಟಳು. ಆಮೇಲೆ ಅಗೆದು ಹಾಕಿದಳು.

ಸಂಜೆಯ ಕೊನೆಯ ಓಡಾಟ ಮುಗಿಸಿ ಗಂಡ ಬಸ್ಸಿನಿಂದಿಳಿದು ಸಲಿಕೆ ತೆಗೆದುಕೊಂಡ. ಮೇಡಂ ತಮ್ಮ ಕೆಲಸದವರಿಬ್ಬರನ್ನು ಕಳಿಸಿದರು. ಅತ್ತೆ ಬುತ್ತಿ ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಿದ್ದಳು, ಜೊತೆಗೆ, "ಹೊದಿಕೆ ಹೋಯ್ತು, ಈಗ ದಿಬ್ಬ. ಮುಂದೆ ನನ್ನ ಸರದಿನಾ ಅಂತ ಕೇಳು" ಎಂಬ ಸಂದೇಶ. ನಾಲ್ಕು ದಿನಕ್ಕೆ ನಲವತ್ತೊಂದು ಕಂಡಿಯಾಯಿತು.

ನಾಲ್ಕನೆಯ ದಿನ ಮೂರು ಗಂಟೆಗೆ ಅವಳೂ ಮೇಡಮ್ಮೂ ಇಪ್ಪತ್ತೊಂದನೆಯ ಕಲ್ಲಿನ ಬಳಿ ಪಕ್ಕಪಕ್ಕ ಕೂತು ಕಾದರು. ಗಾಳಿ ಬಂತು. ದಿಬ್ಬದ ಬುಡದ ಕೆಂಪು ಪಟ್ಟಿಗಳು ಮೊದಲು ಅಭ್ಯಾಸಬಲದಿಂದ ಗುಡ್ಡದ ಕಡೆಗೇ ಎದ್ದವು. ಆಮೇಲೆ, ಬೇಲಿಯಲ್ಲಿ ಸಂದು ಕಂಡ ದನಗಳ ಹಾಗೆ, ಒಂದೊಂದಾಗಿ ಕಂಡಿಯ ಕಡೆ ತಲೆ ತಿರುಗಿಸಿದವು. ಕೊನೆಯ ಪಟ್ಟಿ ಎರಡು ಸಲ ಅಲುಗಿ ಜೋತುಬಿತ್ತು. ಮೇಡಂ ಹೊಂಡಕ್ಕೆ ಇಳಿದು ಅಳೆದು ಬಂದು, "ಮುಕ್ಕಾಲು ಗೇಣು ಉಳಿದಿದೆ. ಸಾಕು," ಎಂದರು.

ಇಂಜಿನಿಯರ್ ಬಂದ ದಿನ ಮರಳಕ್ಕ ಮಂಜಿನಲ್ಲೇ ಶುರುಮಾಡಿ ಮಧ್ಯಾಹ್ನದವರೆಗೆ ಗುಡಿಸಿದ್ದಳು. ಆದರೂ ಮೂರೂಕಾಲಿಗೆ ಜೀಪು ಬರುವ ಹೊತ್ತಿಗೆ ಕೊನೆಯ ಕಿಲೋಮೀಟರಿನ ಮೇಲೆ ಬೆರಳು ದಪ್ಪದ ಮರಳು ಕೂತಿತ್ತು. ಚಕ್ರ ಸ್ವಲ್ಪ ಜಾರಿತು. ಜೀಪು ನಿಂತಿತು.

"ಇದೇನಾ ನೀವು ಹೇಳ್ತಿದ್ದ ಕನ್ನಡಿ?" ಎಂದರು ಇಂಜಿನಿಯರ್. ಮೇಸ್ತ್ರಿ ತನ್ನ ಚಪ್ಪಲಿ ನೋಡಿಕೊಂಡ.

"ಮೇಸ್ತ್ರಿ ಬೇಡ ಅಂದಿದ್ರು ಸಾರ್," ಎಂದಳು ಮರಳಕ್ಕ. "ಒಡೆದಿದ್ದು ನಾನು." ಯಾಕೆ ಎಂಬುದನ್ನು ನಾಲ್ಕೇ ವಾಕ್ಯದಲ್ಲಿ ಹೇಳಿದಳು.

ಇಂಜಿನಿಯರ್ ಒಂದು ಕಂಡಿಯವರೆಗೆ ನಡೆದು ಹೋದರು. ಕೈಯನ್ನು ಅಡ್ಡ ಹಿಡಿದು ಗಾಳಿ ನೋಡಿದರು. ಕಡ್ಡಿಯಲ್ಲಿದ್ದ ಕೆಂಪು ಪಟ್ಟಿಯನ್ನು ಮುಟ್ಟಿ ನೋಡಿದರು. ಹೊಗಳಲೂ ಇಲ್ಲ, ಬೈಯಲೂ ಇಲ್ಲ. "ಇಲ್ಲಿ ನಿಧಾನ ಅಂತ ಒಂದು ಬೋರ್ಡ್ ಹಾಕ್ಸಿ," ಎಂದು ಮೇಸ್ತ್ರಿಗೆ ಹೇಳಿ, ಪುಸ್ತಕದಲ್ಲಿ ಆ ಕಿಲೋಮೀಟರಿನ ಎದುರು 'ಮರಳು ಇದೆ' ಎಂದು ಬರೆದು ಹೊರಟುಹೋದರು. ಇಪ್ಪತ್ತೆರಡು ವರ್ಷದಲ್ಲಿ ಅವಳ ರಸ್ತೆಯ ಎದುರು ಆ ಮಾತು ಬಿದ್ದದ್ದು ಅದೇ ಮೊದಲು. ಅಂದು ಅವಳು ಮನೆಗೆ ಬಂದು, ಆರ್ಡರ್ ಇಲ್ಲದೆಯೇ, ಅತ್ತೆಯ ಕುರ್ಚಿಯ ಕೆಳಗಿನಿಂದ ಅಡುಗೆಮನೆಯ ಹೊಸ್ತಿಲವರೆಗೆ ಗುಡಿಸಿದಳು. ಅತ್ತೆ ಕಾಲು ಎತ್ತಿಕೊಟ್ಟಳು.

ಮೇಸ್ತ್ರಿ ತಿಂಗಳು ಮಾತು ಬಿಟ್ಟಿದ್ದ. ಆಮೇಲೆ ಒಂದು ಬೆಳಿಗ್ಗೆ ಹೊಸ ಪೊರಕೆ ತಂದು ಕಲ್ಲಿಗೆ ಒರಗಿಸಿ, "ಹಳೇದು ಇನ್ಮೇಲೆ ಸಾಲಲ್ಲ ನಿನಗೆ," ಎಂದು ಸೈಕಲ್ ಹತ್ತಿದ.

ಅಷ್ಟರಲ್ಲಿ ಎಂಬತ್ತೊಂದನೆಯ ಪದರದ ಚಿತ್ರವೂ ಮುಗಿದು, ಕೊನೆಯ ಚಮಚ ಮರಳು ಲಕೋಟೆ ಸೇರಿತ್ತು. ಅದರ ಮೇಲಿದ್ದದ್ದು ಬರೀ ಗಾಳಿ ತಂದ ಮರಳು, ನುಣ್ಣಗೆ, ಕಪ್ಪು ಗೆರೆಯಿಲ್ಲದೆ. ಮರಳಕ್ಕ ಅದನ್ನು ನೋಡಿ, "ಇಲ್ಲಿಂದ ಮೇಲೆ ಗುಡಿಸೋಕೆ ಯಾರೂ ಬಂದಿಲ್ಲ," ಎಂದಳು. ಯಾಕೆಂದು ಮೇಡಂ ಕೇಳಲಿಲ್ಲ. ಅದು ಅವರಿಗೂ ಗೊತ್ತಿರಲಿಲ್ಲ, ಇವಳಿಗೂ ಗೊತ್ತಿರಲಿಲ್ಲ.

ಮೇಡಂ ದೊಡ್ಡ ನಕ್ಷೆ ಬಿಚ್ಚಿದರು. ಹಳೆಯ ಬೀದಿಯ ಗೋಡೆಯಲ್ಲಿ ಅಲ್ಲಲ್ಲಿ ಸಂದುಗಳಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಅವರ ಅಕ್ಷರದಲ್ಲಿ 'ಬಾಗಿಲು?' ಎಂದಿತ್ತು. "ಇದಕ್ಕೆ ಹೊಸ್ತಿಲೂ ಇಲ್ಲ, ಆ ಕಡೆ ಮನೇನೂ ಇಲ್ಲ. ನಾಲ್ಕು ವರ್ಷದಿಂದ ತಲೆ ಕೆಡಿಸ್ಕೊಂಡಿದ್ದೆ. ನಿಮ್ಮ ಕಂಡಿಗಳನ್ನ ನೋಡಿದ ಮೇಲೆ ಎಲ್ಲ ಮತ್ತೆ ಅಳೆದೆ." ರಬ್ಬರಿನಿಂದ ಒಂದೊಂದೇ 'ಬಾಗಿಲು' ಅಳಿಸಿ 'ಗಾಳಿಕಂಡಿ' ಎಂದು ಬರೆದರು. ಪ್ರಶ್ನೆಚಿಹ್ನೆಯನ್ನು ಮಾತ್ರ ಹಾಗೇ ಬಿಟ್ಟರು.

"ಒಂದರಿಂದ ಒಂದಕ್ಕೆ ಎಷ್ಟಿದೆ ಮೇಡಂ?"

"ಇಪ್ಪತ್ತೆರಡು ಮೀಟರ್. ನಿಮ್ಮದು ಇಪ್ಪತ್ತನಾಲ್ಕು."

ಮರಳಕ್ಕ ಹೊಂಡದೊಳಗಿನ ಖಾಲಿ ಬೀದಿಯನ್ನು ನೋಡಿದಳು. ಮಧ್ಯಾಹ್ನದ ಬಿಸಿಲಿಗೆ ಅದರ ಕೊನೆ ನೀರಿನ ಹಾಗೆ ಅಲುಗುತ್ತಿತ್ತು.

"ಕುಳ್ಳಿ ಇರ್ಬೇಕು," ಎಂದಳು.

ಆಮೇಲೆ ಹೊಸ ಪೊರಕೆ ಹೆಗಲಿಗೇರಿಸಿಕೊಂಡು ರಸ್ತೆಗೆ ಬಂದಳು. ಇನ್ನೂ ಹತ್ತೊಂಬತ್ತು ಉಸಿರಿನ ಕೆಲಸ ಬಾಕಿ ಇತ್ತು, ಮುಗಿಯುವಾಗ ಮೊದಲಿನ ಹಾಗೆ ನಾಲ್ಕು ಗಂಟೆ ಆಗುತ್ತದೆ. ಆ ತುದಿಯಲ್ಲಿ ಬಸ್ಸಿನ ಛಾವಣಿ ಹುಟ್ಟಿತ್ತು. ಕಿಟಕಿಗಳು ಬರಲು ಇನ್ನೂ ಸ್ವಲ್ಪ ಹೊತ್ತಿತ್ತು.